ದೋಣಿಯೊಳಗೊಂದು ಉಪ್ಪಿನ ಗಡಿಗೆ

ನೀರಿನ ಎದುರು ನಿಂತರೆ ನನ್ನ ತಲೆ ತಾನಾಗಿ ಬಾಗುತ್ತದೆ. ಇದನ್ನು ನೋಡಿ ಕೆಲವರು ನನ್ನನ್ನು ದೊಡ್ಡ ಭಕ್ತನೆಂದು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ ಭಕ್ತಿ, ಇನ್ನರ್ಧ ಈಜು ಬಾರದವನ ಎಚ್ಚರಿಕೆ. ನಾನು ಹುಟ್ಟಿ ಬೆಳೆದದ್ದು ಬಳಿಚಕ್ರದಲ್ಲಿ. ಅಲ್ಲಿ ನಮ್ಮ ಹೊಲಕ್ಕೆ ನೀರು ಮೇಲಿನಿಂದಲೇ ಬೀಳಬೇಕು, ಅದೂ ಅದಕ್ಕೆ ಮನಸ್ಸು ಬಂದಾಗ. ಅಂಥವನಿಗೆ ಸುರಪುರದ ಕಡೆ, ಕೃಷ್ಣೆಯ ದಂಡೆಯ ಕಾಲುವೆ ಕ್ಯಾಂಪಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಕಾಲುವೆಗೆ ಹೊಸದಾಗಿ ನೀರು ಬಿಡುತ್ತಿದ್ದ ಕಾಲ. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಏರಿಯ ಮೇಲೆ ಕುಳಿತರೆ, ಯಾರೂ ನೂಕದೆ ತನ್ನಷ್ಟಕ್ಕೆ ನಡೆದು ಹೋಗುವ ಆ ನೀರನ್ನು ನೋಡುತ್ತಿದ್ದಂತೆ ರೊಟ್ಟಿ ಕೈಯಲ್ಲೇ ಒಣಗುತ್ತಿತ್ತು.

ನನ್ನ ಹೆಂಡತಿ ಸುಶೀಲೆ ಹೊಳೆದಂಡೆಯ ಮನೆತನದವಳು. ಅವಳಿಗೆ ನೀರೆಂದರೆ ಅಂಗಳವಿದ್ದ ಹಾಗೆ. ಅವಳು ಮಾಸ್ತರಿಕೆ ಮಾಡುತ್ತಿದ್ದದ್ದು ಹೊಳೆಯ ನಡುವಿನ ಗಡ್ಡೆಯೊಂದರ ಶಾಲೆಯಲ್ಲಿ. ಬೆಳಿಗ್ಗೆ ನಮ್ಮ ಕಚೇರಿಯ ಮೋಟಾರು ದೋಣಿಯಲ್ಲಿ ಹೋಗುವುದು, ಸಂಜೆ ಅದರಲ್ಲೇ ಬರುವುದು. ಬೇಸಿಗೆಯಲ್ಲಿ ಇದೆಲ್ಲ ಚೆಂದ. ಆದರೆ ಮಳೆಗಾಲದಲ್ಲಿ ಮೇಲೆ ಅಣೆಕಟ್ಟಿನ ಗೇಟು ಎತ್ತಿದರೆಂದರೆ ಹೊಳೆ ಕೆಂಪಗಾಗಿ ಉಬ್ಬುತ್ತಿತ್ತು. ಅದರೊಳಗೆ ಹೋದ ದೋಣಿ ಮುಟ್ಟಿತೋ ಇಲ್ಲವೋ ತಿಳಿಯಲು ಸಂಜೆಯವರೆಗೆ ಕಾಯಬೇಕಿತ್ತು. ಬಾಗಿಲಲ್ಲಿ ಅವಳ ಚಪ್ಪಲಿಯ ಸಪ್ಪಳ ಕೇಳುವ ತನಕ ನಾನು ಬರೆದ ಯಾವ ಕಾಗದವೂ ಸರಿಯಿರುತ್ತಿರಲಿಲ್ಲ. ಆದ್ದರಿಂದ ದೋಣಿಗೆ ವೈರ್‌ಲೆಸ್ ಕೂಡಿಸಬೇಕು ಎಂಬ ಮಾತು ಬಂದಾಗ, ಯಾರೂ ಕೇಳುವ ಮೊದಲೇ ಆ ಕೆಲಸವನ್ನು ಮೈಮೇಲೆ ಹಾಕಿಕೊಂಡೆ. ಅದು ಸಮುದ್ರದ ಹಡಗುಗಳಲ್ಲಿ ಇರುವಂಥ ರೇಡಿಯೋ ಅಂತೆ. ಸಮುದ್ರದ ವಿಷಯದಲ್ಲಿ ನನಗಿದ್ದ ಅನುಭವವೆಂದರೆ ಯಾದಗಿರಿ ತಾಲೂಕಿನ ರಾಮಸಮುದ್ರ. ಅಲ್ಲಿ ನಮ್ಮ ಬೀಗರು ಜೋಳ ಬಿತ್ತುತ್ತಾರೆ.

ರೇಡಿಯೋ ಸೆಟ್ಟಿನ ಮೆಕ್ಯಾನಿಕ್ ಬರುವ ಮೊದಲು ಏನೇನು ಸಿದ್ಧವಿರಬೇಕೆಂದು ನಮಗೆ ತಿಳಿಸಿದ್ದರು. ಆಂಟೆನಾ ನಿಲ್ಲಿಸಲು ಎತ್ತರದ ಗಟ್ಟಿ ಕಂಬ, ಡೀಸೆಲ್ ಡಬ್ಬಿಯಿಂದ ದೂರ ಹಾಯುವ ವೈರು, ಬ್ಯಾಟರಿ ಹತ್ತಿರ ಫ್ಯೂಸು, ಬಿದ್ದ ಸಿಡಿಲನ್ನು ನೆಲಕ್ಕಿಳಿಸಲು ತಪ್ಪದೆ ಅರ್ಥಿಂಗು. ಅರ್ಥಿಂಗ್ ಎಂದ ಕೂಡಲೇ ನನಗೆ ಧೈರ್ಯ ಬಂತು. ಕಚೇರಿಯ ಹಿಂದೆ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಯಿತ್ತು, ಅದಕ್ಕೆ ದಿನಾ ಕೊಡ ನೀರು ಹಾಕಿಸುವವನೇ ನಾನು. ಸಂತೆಯಿಂದ ದೊಡ್ಡದೊಂದು ಗಡಿಗೆ ತರಿಸಿ, ಕರಿಮಣ್ಣು, ಉಪ್ಪು, ಇದ್ದಿಲು ತುಂಬಿ, ನಡುವೆ ಸಲಾಕೆ ಹುಗಿದು ದೋಣಿಯ ಮಧ್ಯೆ ಕೂಡಿಸಿದೆ. ದಿನಾ ನೀರು ಹಾಕಬೇಕೆಂದು ದೋಣಿ ನಡೆಸುವ ಹಣಮಂತಪ್ಪನಿಗೆ ತಾಕೀತು ಮಾಡಿದೆ.

"ಹೊಳ್ಯಾಗ ನಿಂತು ಗಡಗಿಗಿ ನೀರ್ ಹಾಕಬೇಕೇನ್ರಿ?" ಎಂದ ಅವನು.

"ಹೂಂ. ಒಂದಿನಾನೂ ತಪ್ಪಂಗಿಲ್ಲ" ಎಂದೆ.

ಅವನು ತಪ್ಪಿಸಲಿಲ್ಲ. ಆದರೆ ದೋಣಿಯ ನಡುವೆ ಗಡಿಗೆ ಇದೆ, ಅದಕ್ಕೆ ದಿನವೂ ನೀರೆರೆಯುತ್ತಾರೆ ಎಂದರೆ ನಮ್ಮ ಹೆಣ್ಣುಮಕ್ಕಳು ಅದನ್ನು ಬರೀ ಗಡಿಗೆ ಎಂದುಕೊಂಡಾರೆಯೇ? ಮೊದಲು ಯಾರೋ ಕುಂಕುಮ ಹಚ್ಚಿದರು. ಆಮೇಲೆ ಹಸಿರು ಬಳೆ ಬಂದವು, ಖಣ ಬಂತು. ಹೊಳೆ ದಾಟುವ ಮುಂಚೆ ಎಲ್ಲರೂ ಒಂದೊಂದು ಬೊಗಸೆ ನೀರು ಹಾಕಿ "ಗಂಗವ್ವ, ದಂಡಿ ಮುಟ್ಟಸವ್ವ" ಎಂದು ಕೈಮುಗಿಯತೊಡಗಿದರು. ಇದನ್ನು ತಿದ್ದುವ ಧೈರ್ಯ ನನಗಾಗಲಿಲ್ಲ. ನನ್ನ ಬೇಡಿಕೆಯೂ ಅದೇ ಆಗಿತ್ತು.

ಎರಡು ಸೆಟ್ಟು ಹೊತ್ತು ಶಹಾಪುರದಿಂದ ಮೆಕ್ಯಾನಿಕ್ ಮಹಬೂಬಸಾಬ ಬಂದರು. ತಮ್ಮಷ್ಟು ಬಲ್ಲವರು ಆ ಸೀಮೆಯಲ್ಲೇ ಇಲ್ಲವೆಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದವರು, ದೋಣಿ ಹತ್ತುತ್ತಲೇ ಗಡಿಗೆ ಕಂಡು ಚಪ್ಪಲಿ ಕಳಚಿ ನಿಂತರು.

"ಯಾವ ದೇವರ್ರೀ ಇದು?"

"ಅರ್ಥಿಂಗ್ರಿ" ಎಂದೆ.

ಮಹಬೂಬಸಾಬ ಅಲ್ಲೇ ಕುಸಿದು ಕುಳಿತರು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಸಾಹೇಬ್ರ, ಸಿಡ್ಲು ಬಿದ್ರ ಈ ಗಡಗಿ ಅದನ್ನ ಎಲ್ಲಿಗಿ ಕಳಸಬೇಕ್ರಿ? ತೆಳಗ ಇಷ್ಟ್ ದೊಡ್ಡ ಹೊಳಿ ಹರಿಯಾಕತ್ತದ, ನೀವು ಗಡಗ್ಯಾಗ ಹೊಲ ತುಂಬ್ಕೊಂಡು ತಿರಗಾಡಾಕತ್ತೀರಿ" ಎಂದರು. ದೋಣಿಯನ್ನು ದಂಡೆಗೆ ಎಳೆಸಿ, ಅದರ ಹೊಟ್ಟೆಯ ಅಡಿಗೆ ತಾಮ್ರದ ತಗಡು ಬಡಿದು, ಕಂಬದ ಬುಡದಿಂದ ಅದಕ್ಕೆ ಅಗಲವಾದ ತಾಮ್ರದ ಪಟ್ಟಿ ಇಳಿಸಿದರು. ಬಂದ ಸಿಡಿಲು ಸೀದಾ ನೀರಿಗೆ ಹೋಗಲಿ ಎಂದು.

"ಹೊಳಿ ತಡಕೋತದೇನ್ರಿ?" ಎಂದೆ ನಾನು.

ಅವರು ಹೊಳೆಯ ಕಡೆ ಒಮ್ಮೆ ನೋಡಿ, "ಅದು ಏನೇನ್ ತಡಕೊಂಡಿಲ್ರಿ?" ಎಂದರು. ತಾಮ್ರದ ಪಟ್ಟಿಯನ್ನು ಮತ್ತೊಮ್ಮೆ ಎಳೆದು ಗಟ್ಟಿಯಿದೆಯೇ ಎಂದು ನೋಡಿದರು. ನಾನು ಹೊಳೆಯ ಕಡೆ ನೋಡಿದೆ. ಸುಶೀಲೆಯನ್ನು ಕಸಿದುಕೊಂಡೀತು ಎಂದು ನಾನು ದಿನವೂ ಹೆದರುತ್ತಿದ್ದ ನೀರು, ಅವಳ ತಲೆಯ ಮೇಲೆ ಬರಬಹುದಾದ ಸಿಡಿಲನ್ನು ತಾನು ನುಂಗಲು ಕೆಳಗೆ ಮಲಗಿತ್ತು. ನನ್ನ ತಲೆ ಮತ್ತೆ ಬಾಗಿತು, ಈ ಸಲ ಪೂರಾ ಭಕ್ತಿಯಿಂದ.

ದೋಣಿಯಲ್ಲೊಂದು, ಕಚೇರಿಯಲ್ಲೊಂದು ಸೆಟ್ಟು ಕೂಡಿಸಿದರು. ಗುಂಡಿ ಒತ್ತಿ ಮಾತಾಡಬೇಕು, ಮುಗಿದ ಮೇಲೆ 'ಓವರ್' ಅಂದು ಬಿಡಬೇಕು, ಬಿಟ್ಟರೇ ಆಚೆಯವರ ದನಿ ಕೇಳುವುದು ಎಂದು ಮಹಬೂಬಸಾಬ ಕಲಿಸಿಕೊಟ್ಟು ಹೋದರು. ಹಣಮಂತಪ್ಪ ಡಬ್ಬಿಯ ಜೊತೆ ಮಾತಾಡಲು ನಾಚಿಕೊಂಡ. ಹಾಗಾಗಿ ಮರುದಿನ ದೋಣಿಯ ಕಡೆಯಿಂದ ಸುಶೀಲೆ, ಕಚೇರಿಯ ಕಡೆಯಿಂದ ನಾನು ಮಾತಾಡುವುದೆಂದಾಯಿತು. ಅಂದೇ ಮೇಲೆ ಗೇಟು ಎತ್ತಿದ್ದರು. ಗಡಿಗೆಯನ್ನು ಇಳಿಸಲು ಹೆಂಗಸರು ಒಪ್ಪದ್ದರಿಂದ ಅದೂ ದೋಣಿಯಲ್ಲೇ ಹೋಯಿತು. ಇಡೀ ಕಚೇರಿ ಸೆಟ್ಟಿನ ಸುತ್ತ ನೆರೆಯಿತು. ಬಹಳ ಹೊತ್ತು ಬರೀ ಗರಗರ. ಆಮೇಲೆ ಅದರೊಳಗಿಂದ, ಅಷ್ಟು ಅಗಲದ ಕೆಂಪು ನೀರನ್ನು ದಾಟಿಕೊಂಡು, ನಮ್ಮ ಅಡಿಗೆಮನೆಯಲ್ಲಿ ಕೇಳುವ ಅದೇ ದನಿ ಬಂತು.

"ಗಡ್ಡಿ ಮುಟ್ಟೀವ್ರಿ. ಎಲ್ಲಾರೂ ಆರಾಮ ಅದೀವಿ. ಓವರ್."

ಇಂಜಿನಿಯರ್ ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು. ನನ್ನ ಕಣ್ಣು ತುಂಬಿ ಬಂತು. ಮೈಕು ಹಿಡಿದು ಜೋರಾಗಿ ತಲೆಯಾಡಿಸಿದೆ.

"ಕೇಳಸ್ತದೇನ್ರಿ? ಓವರ್."

ಇನ್ನೂ ಜೋರಾಗಿ ತಲೆಯಾಡಿಸಿದೆ. ಮತ್ತೆ ದನಿ ಬಂತು, ಈ ಸಲ ಹಣಮಂತಪ್ಪನಿಗೆ ಹೇಳುತ್ತಿದ್ದಳು, ಗುಂಡಿ ಒತ್ತಿಕೊಂಡೇ. "ಮಷೀನ್ ಏನೂ ಕೆಟ್ಟಿಲ್ಲ ಬಿಡಪ್ಪ. ಆ ಕಡಿ ಕುಂತವ್ರು ನಮ್ಮನಿಯವ್ರು. ಮನ್ಯಾಗೂ ಹಿಂಗೇ. ನಾ ಏನ್ ಹೇಳಿದ್ರೂ ಗೋಣ್ ಹಾಕ್ತಾರ, ಬಾಯಿ ಬಿಡಂಗಿಲ್ಲ. ಓವರ್."

ಯಾರೂ ನಗಲಿಲ್ಲ, ಸಾಹೇಬರು ಎದುರಿಗಿದ್ದರು. ಸಾಹೇಬರೇ ನನ್ನ ಹೆಬ್ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟು ಒತ್ತಿದರು. ಎಷ್ಟೋ ಮಳೆಗಾಲ ಅವಳಿಗೆ ಹೇಳದೆ ಒಳಗಿಟ್ಟುಕೊಂಡ ಭಯ, ಪ್ರೀತಿ, ಎಲ್ಲವನ್ನೂ ಹೇಳಿಬಿಡಲು ಬಾಯಿ ತೆರೆದೆ. ಇಡೀ ಕಚೇರಿ ಕಿವಿಯಾಗಿ ಕಾಯುತ್ತಿತ್ತು.

"ಹೂಂ" ಎಂದೆ.