ಕಡುಬಿನ ಹಬೆಯಲ್ಲಿ ಹಡಗು

ನಮ್ಮ ಸೋದರತ್ತೆ ಸಮುದ್ರ ಕಂಡವರಲ್ಲ. ಆದರೆ ಹಡಗು ಕಟ್ಟುತ್ತಾರೆ! ಹೀಗೆಂದಾಗಲೆಲ್ಲ ಕೇಳಿದವರು ಒಮ್ಮೆ ನನ್ನ ಮುಖ ನೋಡಿ, "ಈಗ ಹೆಂಗದಾರ ಪಾಪ?" ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಚೆನ್ನಾಗಿಯೇ ಇದ್ದಾರೆ. ಮುನವಳ್ಳಿಯ ಅವರ ಮನೆಯಲ್ಲಿ ಟಿವಿಯ ಪಕ್ಕ ಮೊಳದುದ್ದದ ಕಟ್ಟಿಗೆಯ ಹಡಗು, ಜೋಳದ ಚೀಲಗಳ ಮೇಲೊಂದು ಹಡಗು, ದೇವರ ಜಗಲಿಯಲ್ಲಿ ಹಾಯಿ ಬಿಚ್ಚಿದ ಇನ್ನೊಂದು. ವಿಭೂತಿಗೆಂದು ಕೈ ಚಾಚಿದರೆ ಮೊದಲು ಹಗ್ಗದ ಏಣಿ ತಾಕುತ್ತದೆ. ಅವರು ಕಂಡ ಅತಿ ದೊಡ್ಡ ನೀರೆಂದರೆ ಮಲಪ್ರಭೆಯ ಹಿನ್ನೀರು, ಅದೂ ಬಸ್ಸಿನ ಕಿಟಕಿಯಿಂದ.

ಈ ಹುಚ್ಚಿಗೆ ಕಾರಣ ಯಾರು ಅಂತೀರಿ? ನಾನೇ! ಹೊತ್ತುಹೊತ್ತಿಗೆ ಫೋನ್ ಮಾಡಿ "ಉಂಡ್ಯೇನೋ?" ಎಂದು ಕೇಳುವುದು ನಿಲ್ಲಲಿ, ವಚನ ಕೇಳುತ್ತ ಕೂರಲಿ ಎಂದು ದೊಡ್ಡ ಪರದೆಯ ಫೋನು ಕೊಡಿಸಿದೆ. ವಚನದ ಬೆನ್ನಿಗೆ ಯಾವನೋ ಪುಣ್ಯಾತ್ಮ ಹಡಗು ಕಟ್ಟುವ ವಿಡಿಯೋ ಬಂತು. ಈಗಲೂ ಹೊತ್ತುಹೊತ್ತಿಗೆ ಫೋನು ಬರುತ್ತದೆ: "ಸಾಗವಾನಿ ಪಟ್ಟಿ ಕಳಿಸಿದ್ಯೇನೋ?" ಬೈಲಹೊಂಗಲದಲ್ಲಿ ನನ್ನದು ಪ್ಲೈವುಡ್ ಅಂಗಡಿ. ಉಂಡೆನೋ ಇಲ್ಲವೋ ಎಂದು ಈಗ ಯಾರೂ ಕೇಳುವುದಿಲ್ಲ.

ಹಡಗಿನ ಹೊಟ್ಟೆ ದುಂಡಗಿರಬೇಕು, ಕಟ್ಟಿಗೆಯೋ ನೆಟ್ಟಗೆ ಬೆಳೆಯುತ್ತದೆ. ತಕರಾರೆಲ್ಲ ಇಲ್ಲಿಯೇ. ತೆಳುವಾದ ಪಟ್ಟಿಯನ್ನು ನೆನೆಸಿ, ಬಿಸಿ ತೋರಿಸಿ, ಮುರಿಯದಂತೆ ಬಗ್ಗಿಸಬೇಕು. ಈ ಬಿಸಿಗಾಗಿ ಅತ್ತೆ ಮಾಡದ ಉಪಾಯವಿಲ್ಲ.

ನಾಗರಪಂಚಮಿಗೆ ಅಪ್ಪ ತಾವೇ ಹೋಗಿ ತಂಗಿಯನ್ನು ತವರಿಗೆ ಕರೆತರುವುದು ನಮ್ಮ ಮನೆಯ ಪದ್ಧತಿ. ಹೋದ ವರ್ಷ ಹಾಗೆ ಬಂದ ಅತ್ತೆ ಸೀದಾ ಅಡುಗೆಮನೆ ಹೊಕ್ಕರು. ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಎಲ್ಲವೂ ಹಬೆಯಲ್ಲೇ ಬೇಯಬೇಕು. ನಾನು ಎರಡನೆಯ ಕಡುಬು ಬಾಯಿಗಿಟ್ಟವನೇ ಹೆಂಡತಿಯನ್ನು ಹೊಗಳಿದೆ. ಅಪರೂಪದ ಘಟನೆ!

"ಏನ ಘಮಾ ಬಂದೈತಿ! ಬ್ಯಾರೆ ಏನರ ಹಾಕಿಯೇನ?"

"ನಾ ಏನೂ ಹಾಕಿಲ್ರಿ," ಎಂದಳು ಅವಳು.

"ಸಾಗವಾನಿ," ಎಂದರು ಅತ್ತೆ, ಕಡುಬಿನ ಕೆಳಗಿಂದ ಪಟ್ಟಿಗಳನ್ನು ಇಕ್ಕಳದಲ್ಲಿ ಎಳೆಯುತ್ತ. "ಛಲೋ ಮೆತ್ತಗಾಗ್ಯಾವ ನೋಡು."

ಬೆಳಗಿನಿಂದ ಸಂಜೆಯವರೆಗೆ ಕಟ್ಟಿಗೆ ಮಾರುವ ನನಗೆ ಕಟ್ಟಿಗೆಯ ವಾಸನೆ ತಿಳಿಯಲಿಲ್ಲ! ಅಪ್ಪ ನಕ್ಕೂ ನಕ್ಕೂ ನೆತ್ತಿಗೆ ಹತ್ತಿ, ಬಲಗೈಯಲ್ಲಿ ತಂಬಿಗೆ ಎತ್ತಿ ಗಟಗಟ ನೀರು ಕುಡಿದರು.

ಆ ಬಲಗೈ ಈಗ ತಂಬಿಗೆ ಎತ್ತುವುದಿಲ್ಲ. ಚಳಿಗಾಲದಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ತೊದಲುತ್ತಲಾದರೂ ಮಾತು ಮರಳಿತು, ಬಲಗೈ ಮಾತ್ರ ಮುಷ್ಟಿ ಕಟ್ಟಿ ಕುಳಿತುಬಿಟ್ಟಿತು. ದಿನಾಲು ಬೆರಳು ಬಿಡಿಸಿ ವ್ಯಾಯಾಮ ಮಾಡಿಸಿ, ಇಲ್ಲವಾದರೆ ಕೈ ಹಾಗೆಯೇ ಉಳಿದೀತು ಎಂದರು ಡಾಕ್ಟರು. ಅಪ್ಪ ಯಾರಿಗೂ ಕೈ ಮುಟ್ಟಗೊಡಲಿಲ್ಲ. ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿ ನಾನೊಮ್ಮೆ ಹಿಡಿದೆಳೆದದ್ದಕ್ಕೆ, "ನಾ ಏನ ನಿನ್ನ ಪ್ಲೈವುಡ್ಡೇನಲೇ?" ಎಂದು ಗದರಿದರು. ಲಕ್ವಾ ಆದ ಮೇಲೆ ಅವರ ಬಾಯಿಂದ ತೊದಲದೆ ಬಂದ ಮೊದಲ ಮಾತು ಅದು. ಅಷ್ಟರಮಟ್ಟಿಗೆ ನನ್ನ ಚಿಕಿತ್ಸೆ ಫಲಿಸಿತೆನ್ನಿ!

ಹೀಗಾಗಿ ಈ ಪಂಚಮಿಗೆ ಅತ್ತೆಯನ್ನು ಕರೆತರುವ ಪಾಳಿ ನನ್ನದಾಯಿತು. ಹೋಗಿ ನೋಡಿದರೆ ಅವರು ಅಂಗಳದಲ್ಲಿ ಹಡಗು ಹರವಿಕೊಂಡು ಕುಳಿತಿದ್ದಾರೆ.

"ಅತ್ತೀ, ಏಳ್ರಿ. ಅಪ್ಪಾ ಹಾದಿ ನೋಡಾಕತ್ತಾನ."

"ಇದು ಅಣ್ಣಗ ಒಯ್ಯೂದೈತಿ. ಈ ಪಟ್ಟಿ ಬಗ್ಗೂತನಾ ನಾ ಏಳಂಗಿಲ್ಲ."

ಹಿಂದೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಂತೆ ಹಿತ್ತಾಳೆಯ ತಂಬಿಗೆಗೆ ಕೆಂಡ ತುಂಬಿದ್ದರು. ನೆನೆದ ಪಟ್ಟಿಯನ್ನು ಅದರ ದುಂಡು ಹೊಟ್ಟೆಗೆ ಒತ್ತಿ ಹಿಡಿದು, ಪಟ್ಟಿಯ ಜೊತೆ ಮಾತಾಡುತ್ತಿದ್ದರು. ಹೌದು, ಪಟ್ಟಿಯ ಜೊತೆಗೇ! ಓಣಿಯಲ್ಲಿ ಯಾರ ಎಮ್ಮೆ ಈಯಿತು, ಯಾವ ಸೊಸೆ ಯಾವ ಅತ್ತೆಯ ಜೊತೆ ಮಾತು ಬಿಟ್ಟಳು, ಎಲ್ಲ. ನನಗೆ ತಾಳ್ಮೆ ಎಲ್ಲಿಯದು?

"ಕೊಡ್ರಿ ಇಲ್ಲೆ, ನಾ ಬಗ್ಗಸ್ತೇನಿ. ಕಟ್ಟಿಗಿ ವ್ಯಾಪಾರದಾಗ ಇದ್ದಾಂವ ನಾ!"

ಟಕ್ಕೆಂದಿತು. ಪಟ್ಟಿ ಎರಡು ತುಂಡಾಯಿತು, ಹೆಬ್ಬೆರಳು ಸುಟ್ಟಿತು.

"ಬಗ್ಗಸಾಕ ಬ್ಯಾಡೋ, ಹಿಡಕೊಂಡ ಕುಂದ್ರು," ಎಂದರು ಅತ್ತೆ, ನನ್ನ ಬೆರಳಿಗೆ ಬೆಣ್ಣೆ ಸವರುತ್ತ. "ಅದು ಎಷ್ಟ ಕೊಡ್ತೈತೋ ಅಷ್ಟ ತಗೋ. ಉಳಿದಿದ್ದು ನಾಳಿಗಿ."

ಬೇರೊಂದು ಪಟ್ಟಿ ನಿಧಾನಕ್ಕೆ ಬಾಗಿ ಹಡಗಿನ ಹೊಟ್ಟೆಗೆ ಕೂತಿತು. ಮೂತಿಯ ಹತ್ತಿರ ಇನ್ನೊಂದರ ಜಾಗ ಖಾಲಿ ಇತ್ತು. ಅದರ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, "ನಡಿ," ಎಂದು ಎದ್ದೇಬಿಟ್ಟರು. ಇಷ್ಟು ಹೊತ್ತು ಕಾಯಿಸಿ ಅರ್ಧಕ್ಕೇ ಬಿಡುವುದೇ? ದಾರಿಯುದ್ದಕ್ಕೂ ನಾನು ಗೊಣಗಿದೆ. ಅವರು ಹಡಗನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡಿದರು.

ಮನೆಯಲ್ಲಿ ಅಪ್ಪ ಹಡಗನ್ನು ಎಡಗೈಯಿಂದ ತಡವಿ ನೋಡಿದರು.

"ಇಲ್ಲೊಂದ ಪಟ್ಟಿ ಇಲ್ಲಲ್ಲ ತಂಗಿ?"

"ಅದನ್ನ ಹಚ್ಚಾಂವ ನೀನು."

"ಈ ಕೈಲೆ?"

"ಹೂಂ, ಆ ಕೈಲೇನ."

ಬೋಗುಣಿಯಲ್ಲಿ ಬೆಚ್ಚನೆಯ ನೀರು ತರಿಸಿ ಮೊಣಕೈ ಅದ್ದಿ ಹದ ನೋಡಿದರು. ಒಂದು ಬದಿಗೆ ಪಟ್ಟಿ ಬಿಟ್ಟರು, ಇನ್ನೊಂದು ಬದಿಗೆ ಅಣ್ಣನ ಮುಷ್ಟಿಯನ್ನು ಇಳಿಸಿ ತಮ್ಮೆರಡೂ ಕೈಯಲ್ಲಿ ಹಿಡಿದರು. ಎಳೆಯಲಿಲ್ಲ, ಒತ್ತಲಿಲ್ಲ. ಮುಷ್ಟಿಯ ಜೊತೆ ಮಾತಿಗೆ ಕುಳಿತರು. ಓಣಿಯ ಎಮ್ಮೆ, ಮಾತು ಬಿಟ್ಟ ಸೊಸೆ, ಚಿಕ್ಕಂದಿನಲ್ಲಿ ತವರಿನ ಹಳ್ಳದಲ್ಲಿ ಅಣ್ಣ ಎಲೆಯ ದೋಣಿ ಬಿಟ್ಟುಕೊಟ್ಟದ್ದು. ಅಪ್ಪ ಕಣ್ಣು ಮುಚ್ಚಿ "ಮುಂದ?" ಎನ್ನುತ್ತಿದ್ದರು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ನೀರು ಎರಡು ಸಲ ಆರಿತು. ಆಮೇಲೆ ಹೆಬ್ಬೆರಳು ಒಂದಿಷ್ಟು ಸರಿಯಿತು. ಅತ್ತೆ ಆ ಸಂದಿಯಲ್ಲಿ ಮೆಲ್ಲಗೆ ಪಟ್ಟಿ ಇಟ್ಟರು. ಪಟ್ಟಿ ಬೀಳಲಿಲ್ಲ.

"ಮುರದೀತ ತಂಗಿ," ಎಂದರು ಅಪ್ಪ.

"ಮುರಿಯಂಗಿಲ್ಲ ಅಣ್ಣಾ. ನಾ ಹಿಡದೇನಿ. ಇವತ್ತಿಗಿ ಇಷ್ಟ ಸಾಕು."

ಚಳಿಗಾಲದಿಂದೀಚೆಗೆ ಇವರು ಹೀಗೆ ಮಾತಾಡುತ್ತ ಪಟ್ಟಿ ಬಗ್ಗಿಸುವುದನ್ನು ಯಾರಿಗಾಗಿ ರೂಢಿ ಮಾಡಿಕೊಂಡರು ಎಂಬುದು ದಡ್ಡನಾದ ನನಗೆ ಆಗ ಹೊಳೆಯಿತು. ಬಿಸಿನೀರು ತರುವ ನೆಪದಲ್ಲಿ ಅಡುಗೆಮನೆಗೆ ಓಡಿದೆ.

"ಯಾಕ್ರಿ ಕಣ್ಣ ಕೆಂಪಗಾಗ್ಯಾವ?" ಎಂದಳು ಹೆಂಡತಿ.

"ಒಲಿ ಹೊಗಿ," ಎಂದೆ.

"ನಮ್ಮದು ಗ್ಯಾಸಿನ ಒಲಿ ಐತ್ರಿ," ಎಂದಳು ಅವಳು, ಸೆರಗಿನಿಂದ ತನ್ನ ಕಣ್ಣು ಒರೆಸಿಕೊಳ್ಳುತ್ತ.