ಹಳದಿ ವಾಯರಿಗೆ ಲಂಕಾ

ಹಸಿರು ಗಂಡಿಗೂ ಕರಿ ಹೆಣ್ಣಿಗೂ ಗಂಟು ಹಾಕಿದರೆ ಗಾಳಿ ಬೀಸುತ್ತದೆ, ಗಂಟು ಬಿಚ್ಚಿದರೆ ನಿಲ್ಲುತ್ತದೆ. ಏನದು? ಸೂಡಿಯಿಂದ ನರಗುಂದದವರೆಗೆ ಕೇಳಿದ್ದೇನೆ, ಯಾರಿಗೂ ಬಂದಿಲ್ಲ. ನಿಮಗೂ ಬರುವುದಿಲ್ಲ. ಶಾಲೆ ಬಿಟ್ಟು ನಾನು ಕೆಲಸ ಕಲಿಯಲು ಸೇರಿದ, ಗಜೇಂದ್ರಗಡದ ನಮ್ಮ ಉಸ್ತಾದರ ರೇಡಿಯೊ ರಿಪೇರಿ ಅಂಗಡಿಯಲ್ಲಿ ಇಂಥ ಮಜಾ ವಾರಕ್ಕೊಂದು ಇದ್ದೇ ಇರುತ್ತದೆ.

೧. ಗಂಟು

ರೋಣದಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಮುಚ್ಚಿತು. ಅಲ್ಲಿಯ ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ ತಂದು ಉಸ್ತಾದರು ನನ್ನ ಮುಂದಿಟ್ಟರು. ರಿಪೇರಿಗೆ ಬಂದ ಸಾಮಾನಿಗೆ ಕರೆಂಟು ಕೊಟ್ಟು ಪರೀಕ್ಷೆ ಮಾಡಲು ಅದನ್ನು ಸಜ್ಜು ಮಾಡಬೇಕಿತ್ತು.

"ಸೋಮವಾರ ನಿಮ್ಮಪ್ಪ ನರಗುಂದದಿಂದ ಬರ್ತಾರ. ಅವರ ಮುಂದ ಇದು ನಡೀತಂದ್ರ ಈ ಟೇಬಲ್ ನಿಂದು. ಇಲ್ಲಂದ್ರ ಮತ್ತ ಸಾಲಿಗಿ ಹೋಗು," ಎಂದರು.

ಸಾಲಿ ಅಂದ ಕೂಡಲೇ ನನ್ನ ಕೈ ಚುರುಕಾಯಿತು. ಹಸಿರು ವಾಯರನ್ನು ಕರಿ ವಾಯರಿಗೆ ಕಟ್ಟಿದೆ. ಒಳಗಿನ ಫ್ಯಾನು ತಿರುಗಿತು. ಒಗಟಿನ ಉತ್ತರ ಇದೇ. ಆದರೆ ಮರುಕ್ಷಣ ನಿಂತೇ ಬಿಟ್ಟಿತು.

"ಕೆಲಸ ಕೊಡದಿದ್ರ ಅದೂ ನಿನ್ನಂಗ ಮಲಗತೈತಿ. ಒಂದು ಬಲ್ಬ್ ಹಚ್ಚು."

ಟ್ರ್ಯಾಕ್ಟರಿನ ಬಲ್ಬು ಹಚ್ಚಿದೆ. ಫ್ಯಾನು ನಿಲ್ಲದೆ ತಿರುಗತೊಡಗಿತು.

"ಅದಕ್ಕ ಬುದ್ಧಿ ಬಂತು," ಎಂದರು ಉಸ್ತಾದರು. "ಇನ್ನ ನಿಂದೊಂದ ಉಳೀತು."

೨. ಬಸಿಯ ಚಾ

ಫ್ಯಾನಿನ ಮುಂದೆ ಚಾ ಸುರಿದ ಬಸಿ ಹಿಡಿದರೆ ಚಾ ಲಗೂ ಆರುತ್ತದೆ ಎಂದು ಉಸ್ತಾದರಿಗೆ ನಾನೇ ಹೇಳಿದೆ. ಡಬ್ಬಿಯೊಳಗಿನ ಧೂಳು ತೆಗೆದಿಲ್ಲ ಎಂಬುದನ್ನು ಹೇಳಲಿಲ್ಲ. ನಾಲ್ಕು ವರ್ಷದ ಧೂಳು ಒಮ್ಮೆಲೇ ಬಸಿಗೆ ಬಂತು.

ಉಸ್ತಾದರು ಬಸಿಯನ್ನೇ ನೋಡಿದರು. "ರೋಣದ ಕಂಪ್ಯೂಟರ್ ಕ್ಲಾಸ್ ಪೂರಾ ಇದರಾಗ ಐತಿ. ನೀನ ಕುಡಿ, ಪಾಸ್ ಆಗ್ತಿ."

ಕುಡಿಸಿಯೇ ಬಿಟ್ಟರು.

೩. ಬಣ್ಣಕ್ಕೊಂದು ಊರು

ಸೂಡಿಯ ಒಬ್ಬ ಅಜ್ಜ ಎರಡು ಶೆಲ್ಲಿನ ರೇಡಿಯೊ ತಂದ. ಕೇಸರಿ ವಾಯರಿನ ಕರೆಂಟು ಅದಕ್ಕೆ ಸರಿ ಹೊಂದುತ್ತಿತ್ತು. ಹಚ್ಚಿದೆ, ಹಾಡಿತು. ಅಂದಿನಿಂದ ಅಜ್ಜ ಶೆಲ್ಲು ಉಳಿಸಲು ದಿನಾ ಬಸ್ಸಿನ ಟಿಕೀಟು ತೆಗೆಸಿ ಅಂಗಡಿಗೆ ಬಂದು ರೇಡಿಯೊ ಕೇಳುತ್ತಿದ್ದ.

"ತಮ್ಮಾ, ಉಳಿದ ವಾಯರ್ ಯಾಕ?"

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಯಜ್ಜಾ, ಬಣ್ಣಕ್ಕೊಂದು ಸ್ಟೇಷನ್ ರೀ. ಕೇಸರಿಗೆ ಧಾರವಾಡ, ಕೆಂಪಿಗೆ ಪುಣಾ, ಹಳದಿಗೆ ಲಂಕಾ."

"ಹಂಗಾರ ಲಂಕಾ ಹಚ್ಚು. ಭಾಳ ವರ್ಷ ಆತು ಕೇಳಿ."

ಹಳದಿಯ ಕರೆಂಟು ನಾಲ್ಕು ಪಟ್ಟು ಜೋರು. ರೇಡಿಯೊ ಉಳಿಯುವುದಿಲ್ಲ. "ಇವತ್ತ ಲಂಕಾ ಸೂಟಿ ಐತ್ರಿ," ಎಂದು ಸ್ಟೇಷನ್ನಿಗೇ ರಜೆ ಕೊಟ್ಟೆ.

"ಸೂಟಿ ಯಾವಾಗ ಮುಗೀತೈತಿ?"

"ಸೋಮವಾರರಿ," ಎಂದುಬಿಟ್ಟೆ.

೪. ಸೋಮವಾರ

ಅಪ್ಪ ಬಂದ, ಕಿಸೆಯಲ್ಲಿ ಸಾಲಿಗೆ ಸೇರಿಸುವ ಫಾರ್ಮು ಇಟ್ಟುಕೊಂಡೇ. ನಾನು ಗಂಟು ಹಾಕಿದೆ. ಫ್ಯಾನು ತಿರುಗಿತು, ಬಲ್ಬು ಹತ್ತಿತು, ಅಜ್ಜನ ರೇಡಿಯೊದಲ್ಲಿ ಧಾರವಾಡ ಹಾಡಿತು.

"ಚಲೋ ಮಾಡ್ಯಾನ," ಎಂದ ಅಪ್ಪ. ಅಪ್ಪನಿಗೆ ಸ್ಟೂಲು ತರಲು ನಾನು ತಿರುಗಿದೆ, ಅಷ್ಟೇ. ಸೂಟಿ ಮುಗಿದ ಲಂಕಾಕ್ಕೆ ಕಾಯುತ್ತಿದ್ದ ಅಜ್ಜ ತಾನೇ ಕೇಸರಿ ಕ್ಲಿಪ್ಪು ಕಿತ್ತು ಹಳದಿಯದನ್ನು ಹಚ್ಚಿದ. ಟಪ್ ಎಂದಿತು. ರೇಡಿಯೊದಿಂದ ಹೊಗೆ ಎದ್ದಿತು.

ಅಪ್ಪ ಕಿಸೆಗೆ ಕೈ ಹಾಕಿದ. ಅಜ್ಜ ಮಾತ್ರ ಹೊಗೆಯನ್ನೇ ನೋಡುತ್ತ ಕೇಳಿದ:

"ಅಲ್ಲೋ ತಮ್ಮಾ, ಹನುಮಪ್ಪ ಹಚ್ಚಿದ್ದು ಇನ್ನೂ ಆರಿಲ್ಲೇನು?"

ಉಸ್ತಾದರು ಟೇಬಲ್ ಹಿಡಿದು ನಕ್ಕರು. ಅಪ್ಪನೂ ಕಣ್ಣೀರು ಬರುವಂತೆ ನಕ್ಕು, "ಇಂವನ್ನ ಕಳಿಸಿದ್ರ ಸಾಲೀನೂ ಸುಡತಾನು, ಇಲ್ಲೇ ಇರಲಿ," ಎಂದು ಫಾರ್ಮು ಹರಿದು ಹಾಕಿದ.

ಅಜ್ಜನ ಆ ಹನುಮಪ್ಪನ ಮಾತಿನವರೆಗೆ ಎಲ್ಲಾ ಖರೇ. ಅಪ್ಪ ನಗಲಿಲ್ಲ, ಫಾರ್ಮು ಹರಿಯಲಿಲ್ಲ. ರಿಪೇರಿ ಕಲಿತು ಅಜ್ಜನ ರೇಡಿಯೊ ನಾನೇ ಸರಿ ಮಾಡಿದೆ, ಸಂಜಿ ಹೊತ್ತು ಟೇಬಲ್ ನಂದೇ. ಆದರೆ ಇದನ್ನೆಲ್ಲ ಬರೆಯುತ್ತಿರುವುದು ಸಾಲಿಯ ಕಡೆಯ ಬೆಂಚಿನಲ್ಲಿ ಕೂತು. ಮಾಸ್ತರು ನೋಡುತ್ತಿದ್ದಾರೆ, ಲೆಕ್ಕ ಮಾಡುತ್ತಿದ್ದೇನೆ ಎಂದುಕೊಂಡು. ಅಪ್ಪ ಫಾರ್ಮು ಹರಿದದ್ದು ನಾನು ಕಟ್ಟಿದ ಕಥೆ.