ಬಾಗಿಲ ಮುಂದಿನ ಬಣವೆ

ಆಗುವುದೇ ಇಲ್ಲ ಎಂದು ಮೊದಲು ಹೇಳಿದವರು ನಮ್ಮ ಅತ್ತೆ ಚಂಪಾಬಾಯಿ. ಅವರ ಮಾತಿಗೆ ಶಿರಗುಪ್ಪಿಯ ನಮ್ಮ ತೋಟದ ಓಣಿಯ ಹನ್ನೊಂದು ಮನೆಗಳೂ ತಲೆಯಾಡಿಸಿದವು. ಹಾಗೆ ನೋಡಿದರೆ, ನಾನು ಬಿ.ಎ. ಮುಗಿಸುತ್ತೇನೆ ಎಂದಾಗಲೂ ಓಣಿ ಹೀಗೇ ತಲೆಯಾಡಿಸಿತ್ತು. ಎರಡು ಮಕ್ಕಳ ತಾಯಿಯಾದ ಮೇಲೆ ಓದಲು ಕೂತು, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲಕ್ಕೆ ಎದ್ದವಳು ನಾನು. ತವರಿನಲ್ಲೂ ಗಂಡನ ಮನೆಯಲ್ಲೂ ಪದವಿ ಎಂದರೆ ನನ್ನದೊಂದೇ. ಪರೀಕ್ಷೆಯ ದಿನಗಳಲ್ಲಿ ನನ್ನ ಪಾಲಿನ ಎಮ್ಮೆ ಹಿಂಡಿ, ಮಕ್ಕಳಿಗೆ ಉಣಿಸಿದವರು ಇದೇ ಅತ್ತೆ. ಆ ಉಪಕಾರವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವರ ಮೇಲೆ ನಾಲ್ಕು ದೂರು ಹೇಳುವುದಿದೆ.

ಕಷ್ಟಪಟ್ಟು ಓದಿದವರಿಗೆ ಒಂದು ರೋಗವಿರುತ್ತದೆ, ಕಂಡವರಿಗೆಲ್ಲ ಬುದ್ಧಿ ಹೇಳುವುದು. ಪಂಚಾಯಿತಿಯಲ್ಲಿ ಬೆಂಕಿ ತಡೆಯುವ ಬಗ್ಗೆ ಒಂದು ದಿನದ ತರಬೇತಿ ಇಟ್ಟಾಗ "ಓದಿದಾಕಿ ಹೋಗಲಿ" ಎಂದು ನನ್ನನ್ನೇ ಕಳಿಸಿದರು. ಮರಳಿ ಬಂದವಳಿಗೆ ಓಣಿಯ ತುಂಬ ಬೆಂಕಿಪೊಟ್ಟಣಗಳೇ ಕಂಡವು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆ, ನಾವು ರವದಿ ಎನ್ನುವುದು, ಹಿತ್ತಲ ಗೋಡೆಯವರೆಗೂ ಹಾಸಿಕೊಂಡಿತ್ತು. ಅದು ಸಾಲದೆಂದು ಪ್ರತಿ ಮನೆಯ ಬಾಗಿಲಲ್ಲೂ ಒಂದೊಂದು ಮೇವಿನ ಬಣವೆ. ರವದಿ ಗುಡಿಸಿ, ಹೊಲಕ್ಕೂ ಮನೆಗಳಿಗೂ ನಡುವೆ ಬರಿಮಣ್ಣಿನ ಪಟ್ಟಿ ಬಿಡಲು ಎಲ್ಲರೂ ಒಪ್ಪಿ ಮಾಡಿಯೂ ಮುಗಿಸಿದರು. ಬಣವೆಗಳನ್ನು ಬಾವಿಯಾಚೆ ದೂರ ಒಯ್ಯೋಣ ಎಂದೆ ನೋಡಿ, ಹೆಂಗಸರಿಗೆಲ್ಲ ಮೂಗುತಿ ಬಿಚ್ಚಿಕೊಡಿ ಎಂದಂತಾಯಿತು.

"ತಿಳೀತೈತೇನ ನಿನಗ?" ಎಂದರು ಅತ್ತೆ. "ಬರೂ ಐತವಾರ ಅಕ್ಕೋಳದವರು ಮನಿ ನೋಡಾಕ ಬರ್ತಾರ. ಬಾಗಲದಾಗ ಬಣವಿ ಇಲ್ಲಂದ್ರ, ಈ ಮನ್ಯಾಗ ದನಾ ಅದಾವೋ ಬರೇ ಪುಸ್ತಕಾ ಅದಾವೋ ಅಂತಾರ."

ಬರುವವರು ನನ್ನ ಮೈದುನನಿಗೆ ಹೆಣ್ಣು ಕೊಡುವ ಬೀಗರು. ಅವನ ಮೂರು ಸಂಬಂಧ ಆಗಲೇ ತಪ್ಪಿದ್ದವು. ನಾಲ್ಕನೆಯದೂ ತಪ್ಪಿದರೆ ಅದು ನನ್ನ ತಲೆಗೇ.

"ಅತ್ತಿ, ಬಾವಿ ಆಚೆ ಇಟ್ರೂ ಬಣವಿ ಬಣವೀನ ಅಲ್ರಿ?"

"ಹೌದವಾ. ನಿನ್ನ ಡಿಗ್ರೀನೂ ಟ್ರಂಕಿನ್ಯಾಗ ಇದ್ರ ಡಿಗ್ರೀನ. ಮತ್ಯಾಕ ಗಾಜು ಹಾಕ್ಸಿ ಬಾಗಲ ಮ್ಯಾಲ ತೂಗಬಿಟ್ಟೀದಿ?"

ಸ್ಟೂಲು ಹತ್ತಿ ಡಿಗ್ರಿಯ ಚೌಕಟ್ಟು ಇಳಿಸಿ ಟ್ರಂಕಿಗೆ ಹಾಕಿದೆ. ಮರುದಿನ ನಾನು ಏಳುವಷ್ಟರಲ್ಲಿ ಅತ್ತೆ ಕಚ್ಚೆ ಬಿಗಿದು, ಬಣವೆಯ ಮೊದಲ ಸಿವುಡು ತಲೆಯ ಮೇಲೆ ಹೊತ್ತು ಬಾವಿಯ ಕಡೆ ಹೊರಟಿದ್ದರು. ಚಂಪಾಬಾಯಿ ಹೊತ್ತ ಮೇಲೆ ಓಣಿ ಸುಮ್ಮನಿರುವುದುಂಟೆ? ಎರಡೇ ದಿನದಲ್ಲಿ ಹನ್ನೊಂದು ಬಣವೆಗಳೂ ಬಾವಿಯಾಚೆಗೆ ಹೋದವು.

ಭಾನುವಾರ ಬೀಗರು ಬಂದರು. ಹುಡುಗಿಯ ಅಪ್ಪ ಉಪ್ಪಿಟ್ಟಿನ ತಾಟು ಹಿಡಿದು ಅಂಗಳವನ್ನೆಲ್ಲ ಕಣ್ಣಲ್ಲೇ ಅಳೆದು, "ಬಣವಿ ಎಲ್ಲೈತ್ರಿ?" ಎಂದು ಕೇಳಿಯೇಬಿಟ್ಟರು. ಅಷ್ಟರಲ್ಲಿ ಹಿತ್ತಲ ಕಡೆ ಹೊಗೆ. ಹಿಂದಿನ ಹೊಲದಲ್ಲಿ ಯಾರೋ ರವದಿಗೆ ಕಡ್ಡಿ ಗೀರಿದ್ದರು. ಗಾಳಿ ನಮ್ಮ ಕಡೆಗೇ ಇತ್ತು. ಉರಿ ಚಟಚಟ ಎನ್ನುತ್ತ ಓಡಿ ಬಂತು, ಬರಿಮಣ್ಣಿನ ಪಟ್ಟಿಯ ಹತ್ತಿರ ನಿಂತಿತು, ತಿನ್ನಲು ಏನೂ ಸಿಗದೆ ಅಲ್ಲೇ ಮಲಗಿತು. ಮನೆ ದಾಟಿ ಹಾರಿ ಬಂದ ಕಿಡಿಗಳು ಬಣವೆ ಇದ್ದ ಖಾಲಿ ಜಾಗದಲ್ಲಿ ಬಿದ್ದು ಕಪ್ಪಾದವು. ಬೀಗರು ಅದನ್ನೇ ನೋಡುತ್ತ, "ನಮ್ಮದು ಬಾಗಲದಾಗ ಐತ್ರಿ" ಎಂದವರೇ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಗಾಡಿ ಹತ್ತಿದರು.

ಸಂಬಂಧ ಹೋಯಿತು ಎಂದುಕೊಂಡು ನಾನು ಎರಡು ದಿನ ಅತ್ತೆಯ ಮುಖ ನೋಡಲಿಲ್ಲ. ಮೂರನೆಯ ದಿನ ಬೀಗರ ಫೋನ್ ಬಂತು. "ಸಂಬಂಧ ಪಸಂತ ಐತ್ರಿ. ಬಣವಿ ಹೊರೂದ್ರಾಗ ಫೋನ್ ಮಾಡೂದು ತಡಾ ಆತು."

ಮುಂದೆ ಪಂಚಾಯಿತಿಯವರು ಬೆಂಕಿ ತಡೆದದ್ದಕ್ಕೆ ನಮ್ಮ ಓಣಿಗೆ ಪ್ರಶಸ್ತಿಪತ್ರ ಕೊಟ್ಟರು. ಬರೆದದ್ದು ನನ್ನ ಹೆಸರಿಗೆ, ಆದರೆ ನ್ಯಾಯವಾಗಿ ಅದು ಯಾರದೆಂದು ನನಗೆ ಗೊತ್ತಿತ್ತು. ಮನೆಗೆ ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಕಣ್ಣು ತುಂಬಿ ಬಂದು, ಒಲೆಯ ಈಚೆ ನಿಂತಲ್ಲಿಂದಲೇ ಕೈಚಾಚಿ, "ಇದು ನಿಮ್ದರಿ ಅತ್ತಿ" ಎಂದು ಕೊಟ್ಟೆ. ಅವರು ಚಟ್ಟನೆ ಕಸಿದುಕೊಂಡು, ಅದರ ಮೂಲೆಯನ್ನು ಸೆರಗಿನಿಂದ ಒರೆಸಿ ಹೇಳಿದರು:

"ಒಂದು ದಿನದ ತರಬೇತಿ ಸಾಲ್ಲಿಲ್ಲವಾ ನಿನಗ. ಉರಿಯೂ ಒಲಿ ಮ್ಯಾಲಿಂದ ಯಾರರೆ ಕಾಗದಾ ಕೊಡ್ತಾರೇನ? ಒಲಿ ಸುತ್ತಿ ಈ ಕಡೆ ಬಾ."